ಪುಂಡಿ ನಾರಿನ ಕೆಳಗೆ

ತೀರ್ಥರೂಪ ಅಪ್ಪನಿಗೆ,

ಮಗಳು ಮಾಲತಿ ಬರೆಯುವುದು. ಇದರ ಮುಂದೆ ಸಾಷ್ಟಾಂಗ ನಮಸ್ಕಾರ ಎಂದು ಬರೆಯಬೇಕು, ಗೊತ್ತು. ಇವತ್ತು ಕೈ ಬರುತ್ತಿಲ್ಲ. ಸಿಟ್ಟು ಅಂತಲ್ಲ... ಸಿಟ್ಟೂ ಇದೆ ಅನ್ನಿ. ಆದರೆ ಎದೆ ಧಸಕ್ಕೆಂದದ್ದು ಇನ್ನೂ ಜಾಗಕ್ಕೆ ಬಂದಿಲ್ಲ. ನೀವು ತೀರಿಹೋಗಿ ಹದಿನಾಲ್ಕು ತಿಂಗಳ ಮೇಲೆ ನಿಮ್ಮ ಬಾಣವೊಂದನ್ನು ಬಿಸಿನೀರಿನಲ್ಲಿ ನೆನೆಹಾಕಿದೆ, ಅಪ್ಪಾ. ಯಾಕೆ ನೆನೆಹಾಕಿದೆನೋ ಅನ್ನಿಸುವಂತಾಗಿದೆ.

ನಾನು ಎರಡನೇ ಇಯತ್ತೆಯಲ್ಲಿದ್ದಾಗ ಮಲಪ್ರಭೆಯ ನೀರು ಇಳಿದ ದಡದಲ್ಲಿ ನನ್ನನ್ನು ಕರೆದುಕೊಂಡು ತಿರುಗುತ್ತಿದ್ದಿರಿ. ಉಳಿದವರ ಅಪ್ಪಂದಿರು ಮಕ್ಕಳಿಗೆ ಈಜು ಕಲಿಸುತ್ತಿದ್ದರು, ನೀವು ಕಲ್ಲು ಆರಿಸಲು ಕಲಿಸಿದಿರಿ. ಒಂದು ಚಕ್ಕೆಯನ್ನು ಬಿಸಿಲಿಗೆ ಹಿಡಿದು, "ಇದು ಕಲ್ಲಲ್ಲ ಮಾಲೂ, ಯಾರದೋ ಚೂರಿ" ಎಂದಿರಿ. ಅಂಚು ಮುಟ್ಟಿ ನೋಡಿ ಬೆರಳು ಕೊಯ್ದುಕೊಂಡೆ. ರಕ್ತ ನೋಡಿ ನಿಮಗೆ ಖುಷಿಯಾಯಿತು! ಎಷ್ಟೋ ಸಾವಿರ ವರ್ಷದ ಮೇಲೂ ಹರಿತ ಹೋಗಿಲ್ಲ ಎಂದು ಸವದತ್ತಿಯ ಮನೆ ಮುಟ್ಟುವ ತನಕ ಹೇಳುತ್ತಲೇ ಬಂದಿರಿ. ಇತಿಹಾಸದ ಮಾಸ್ತರನಿಗೆ ಆವತ್ತು ಹತ್ತಿದ ಹುಚ್ಚು ಕೊನೆಗೂ ಬಿಡಲಿಲ್ಲ.

ಕಲ್ಲಿನ ಕಾಲದವರ ಹಾಗೆ ಬಾಣ ಮಾಡಲು ಕೂತ ಹಿತ್ತಲಿನ ಆ ಭಾನುವಾರಗಳು ನೆನಪಿವೆಯೇ? ಲಕ್ಕಿ ಗಿಡದ ನೆಟ್ಟನೆಯ ಕೋಲನ್ನು ಕಾಯಿಸಿ ನೇರ ಮಾಡಿ, ತುದಿಯನ್ನು ಸೀಳಿ, ನೀವೇ ಕೆತ್ತಿದ ಕಲ್ಲಿನ ಮೊನೆಯನ್ನು ಸೀಳಿನಲ್ಲಿ ಕೂರಿಸುತ್ತಿದ್ದಿರಿ. ಅರಗು, ಜೇನುಮೇಣ, ಇದ್ದಿಲ ಪುಡಿ ಕೂಡಿಸಿ ಕುದಿಸಿದ ಕರಿ ಅಂಟು. ಅದರ ಮೇಲೆ ಪುಂಡಿ ನಾರಿನ ಸುತ್ತು. ಹೊಡೆದರೆ ಕೋಲು ಒಂದು ಕಡೆ, ಮೊನೆ ಒಂದು ಕಡೆ. ಅಂಟು ಬಿರಿಯುತ್ತಿತ್ತು, ನಾರು ಸಡಿಲಾಗುತ್ತಿತ್ತು. ಅವ್ವ ಅಡಿಗೆಮನೆಯ ಕಿಟಕಿಯಿಂದ, "ಬೇಟಿ ಎಲ್ಲಿಗೆ ಬಂತ್ರಿ? ಎರಡು ಬದನಿಕಾಯರೆ ಹೊಡದು ತರ್ರಿ, ಎಣ್ಣಿಗಾಯಿ ಮಾಡ್ತೀನಿ" ಎಂದು ಕಾಡಿಸುತ್ತಿದ್ದಳು. ವರ್ಷಗಟ್ಟಲೆ ಹೀಗೇ ನಡೆಯಿತು.

ನಾನು ಬಿ.ಎಡ್. ಮುಗಿಸಿ ಬೆಳಗಾವಿಯಿಂದ ಬಂದ ಬೇಸಿಗೆಯಲ್ಲಿ ನಿಮ್ಮ ಮೊನೆಗಳು ಉದುರುವುದನ್ನು ಬಿಟ್ಟಿದ್ದವು. ಒಣ ಜೋಳದ ದಂಟು ಕಟ್ಟಿದ ಕಣಿಕಿಯ ಸಿವುಡಿಗೆ ಹತ್ತು ಸಲ ಹೊಡೆದು ತೋರಿಸಿದಿರಿ, ಹತ್ತು ಸಲವೂ ಕಲ್ಲು ಕದಲಲಿಲ್ಲ. ಕಟ್ಟಿನ ಮೇಲೆ ಎಲ್ಲಿಯೂ ಗಂಟು ಇರಲಿಲ್ಲ. ಗಂಟಿಲ್ಲದೆ ಹೇಗೆ ನಿಂತಿತು ಎಂದು ಕೇಳಿದ್ದಕ್ಕೆ, "ಪುಂಡಿ ನಾರೇ. ಕೈ ಪಳಗೇದ ಈಗ" ಎಂದು ನಕ್ಕಿರಿ. ನಿಮ್ಮ ವಹಿಯಲ್ಲಿಯೂ ಅದನ್ನೇ ಬರೆದಿರಿ, ದುಂಡಗಿನ ಅಕ್ಷರದಲ್ಲಿ, ಕೆಳಗೆ ಗೆರೆ ಎಳೆದು: ಪುಂಡಿ ನಾರು, ಹದಿನೆಂಟು ಸುತ್ತು.

ಆ ವಹಿಯನ್ನು ಬೈಲಹೊಂಗಲದಲ್ಲಿ ನಾನು ಕಲಿಸುವ ಶಾಲೆಗೆ ಒಯ್ದ ದಿನ ನಾನು ಎಷ್ಟು ಮೆರೆದಿದ್ದೆ ಅಂತೀರಿ! ನಮ್ಮ ಮುಖ್ಯೋಪಾಧ್ಯಾಯಿನಿ ದೊಡ್ಡಬಾಯಿಯವರು ಓದಿ, ಇದನ್ನು ಸಣ್ಣ ಪುಸ್ತಕ ಮಾಡಿ ಸುತ್ತಲಿನ ಶಾಲೆಗಳಿಗೆ ಹಂಚೋಣ ಎಂದರು. ಅದಕ್ಕೂ ಮೊದಲು ಒಮ್ಮೆ ಮಾಡಿ ತೋರಿಸು ಎಂದರು. ನೀವು ಬರೆದ ಹಾಗೆಯೇ ಮಾಡಿದೆ. ಹದಿನೆಂಟು ಸುತ್ತು, ಒಂದು ಕಮ್ಮಿಯಿಲ್ಲ. ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ ಬಿಲ್ಲು ಎಳೆದೆ. ಬಾಣ ಸಿವುಡಿನ ಅಂಚಿಗೆ ಬಡಿಯಿತು, ಮೊನೆ ಕಿತ್ತು ಹಿಂದಿನ ಗೋಡೆಗೆ ಸಿಡಿದು ತಿರುಗಿ ಬಂತು. ಚಿತ್ರಕಲೆಯ ಶೈಲಾ ಟೀಚರ್ ಅಯ್ಯೋ ಎಂದು ಕೂತುಬಿಟ್ಟರು. ಹುಬ್ಬಿಗೆ ಮೂರು ಹೊಲಿಗೆ ಬಿದ್ದವು. ಒಂದು ಬೆರಳಷ್ಟು ಕೆಳಗೆ ಬಡಿದಿದ್ದರೆ ಕಣ್ಣು ಹೋಗುತ್ತಿತ್ತು, ಅಪ್ಪಾ. ಡಾಕ್ಟರು ಅದನ್ನೇ ಎರಡು ಸಲ ಹೇಳಿದರು.

ತಪ್ಪು ನನ್ನ ಕೈಯದು ಎಂದೇ ನಂಬಿದ್ದೆ. ನಿಮ್ಮ ಕೈ ಹೇಗೆ ಸುತ್ತಿತ್ತು ಎಂದು ಬಿಚ್ಚಿ ನೋಡಲು ಭಾನುವಾರ ಮಧ್ಯಾಹ್ನ ನಿಮ್ಮದೊಂದು ಬಾಣವನ್ನು ಬಿಸಿನೀರಿಗೆ ಹಾಕಿದೆ. ಮೇಲಿನ ಪುಂಡಿ ನಾರು ಒಂದೇ ಪದರ. ಕಟ್ಟಿದ್ದೂ ಅಲ್ಲ, ಜಾಲಿ ಅಂಟಿನಿಂದ ಸುಮ್ಮನೆ ಮೆತ್ತಿದ್ದು. ಅದರ ಕೆಳಗೆ ಬೆಳ್ಳಗೆ ಏನೋ ಉಬ್ಬಿಕೊಂಡಿತು. ಎಳೆದರೆ ಜಿಗುಟು. ಆಮೇಲೆ ವಾಸನೆ ಬಂತು. ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅದು ನಾರಲ್ಲ, ನರ. ಯಾವುದೋ ಜೀವದ ನರ. ಈರುಳ್ಳಿ ಹೆಚ್ಚಿದ ಈಳಿಗೆ ದೇವರಮನೆಯ ಕಡೆ ಬಂದರೆ ಊಟ ಬಿಟ್ಟು ಏಳುತ್ತಿದ್ದ ಮನುಷ್ಯ ನೀವು! ಅವ್ವ ಹೊರಗಿನಿಂದ, "ಏನದು ನಾತ?" ಎಂದು ಕೇಳಿದಳು. ಇಲಿ ಸತ್ತಿರಬೇಕು ಎಂದೆ. ನಾನೂ ಸುಳ್ಳು ಹೇಳಿದೆ, ನೋಡಿ.

ಆಗ ನೆನಪಾಯಿತು. ಒಮ್ಮೆ ರಾಮದುರ್ಗದ ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಿ, ನನ್ನನ್ನು ಗಿಡದ ನೆರಳಲ್ಲಿ ಬಿಟ್ಟು, ಬಿಸಿಲಿಗೆ ಚರ್ಮ ಬಿಗಿದು ಒಣಗಿಸಿದ್ದ ಮನೆಯೊಂದಕ್ಕೆ ಹೋಗಿದ್ದಿರಿ. ಚರ್ಮದ ವಾದ್ಯ ಹಲಗಿ ಕಟ್ಟುವವರ ಮನೆ. ಅರ್ಧ ತಾಸಿನ ಮೇಲೆ ಬಂದಾಗ ನಿಮ್ಮ ಬಾಯಲ್ಲಿ ಯಾಲಕ್ಕಿ ಘಮಘಮ ಅನ್ನುತ್ತಿತ್ತು. ಹಲಗಿಯ ಬಗ್ಗೆ ಕೇಳಲು ಹೋಗಿದ್ದೆ ಎಂದಿರಿ. ನಾನು ಯಾಕೆ ಮುಂದೆ ಕೇಳಲಿಲ್ಲ? ಬಾಣ ಬಿಚ್ಚಿದ ಮರುದಿನ ಬಸ್ಸು ಹಿಡಿದು ಅಲ್ಲಿಗೇ ಹೋದೆ.

ಆ ಮನೆಯ ಯಜಮಾನ ದುರ್ಗಪ್ಪನವರು ನನ್ನನ್ನು ನೋಡಿದ ಕೂಡಲೇ ಎದ್ದು ನಿಂತರು. "ಮಾಸ್ತರ ಮಗಳಲ್ರಿ ಅಕ್ಕಾರ? ಮಾರಿ ನೋಡಿದ್ರನ ಗೊತ್ತಾಗ್ತೈತಿ. ಕುಂಡ್ರ್ರಿ." ನಾನು ಚೀಲದಿಂದ ಆ ಒಣಗಿದ ಎಳೆ ತೆಗೆದು ತೋರಿಸಿದೆ. ಅವರು ಮುಟ್ಟಿ ನೋಡಿ, "ಆಡಿನ ಹಿಂಗಾಲಿನ ನರರಿ. ನಾನ ಕೊಟ್ಟಿದ್ದು" ಎಂದರು. ಒಣಗಿಸಿ, ಕುಟ್ಟಿ, ಎಳೆ ಎಳೆ ಬಿಡಿಸಬೇಕಂತೆ. ಹಸಿ ಇದ್ದಾಗ ಸುತ್ತಿದರೆ ಒಣಗುತ್ತ ತಾನೇ ಬಿಗಿಯುತ್ತದಂತೆ, ಗಂಟಿನ ಗೊಡವೆಯೇ ಇಲ್ಲ. ನೀರಿನಲ್ಲಿ ನೆನೆಸುವುದೇ ಎಂದು ಕೇಳಿದೆ.

"ನೀರಿಗೆ ಅಷ್ಟು ಹದಾ ಬರೂದಿಲ್ರಿ. ಬಾಯಾಗ ಹಾಕ್ಕೊಂಡು ಅಗೀಬೇಕು. ಜೊಲ್ಲು ಹತ್ತಿದ್ರ ಅಂಟು ಬಿಡ್ತೈತಿ."

ಬಾಯಲ್ಲಿ. ನಿಮ್ಮ ಬಾಯಲ್ಲಿ. ದಿನಾ ಬೆಳಗ್ಗೆ ಪುರುಷಸೂಕ್ತ ಹೇಳುತ್ತಿದ್ದ ಬಾಯಲ್ಲಿ!

"ನಾ ಬ್ಯಾಡ ಅಂದ್ನಿರಿ" ಎಂದರು ದುರ್ಗಪ್ಪನವರು. "ನಾ ಅಗದು ಕೊಡ್ತೇನಿ, ನೀವು ಬರೇ ಸುತ್ತ್ರಿ ಮಾಸ್ತರ ಅಂದ್ನಿ. ಕೇಳಲಿಲ್ಲ. 'ನೀ ಅಗದು ಕೊಟ್ರ ಅದು ನಿನ್ನ ಬಾಣ ಆಗ್ತದ ದುರ್ಗಪ್ಪಾ' ಅಂದ್ರು. ಮೊದಲನೇ ಸಲ ಗ್ವಾಡಿ ಹಿಂದ ಹೋಗಿ ವಾಂತಿ ಮಾಡ್ಕೊಂಡ್ರು. ಬಂದು ಕುಂತು ಅತ್ತರ್ರಿ. 'ಒಂದು ತುಂಡು ಕೇಕಿಗೆ ನನ್ನ ಮಗಳ ಬಾಯಿ ತೊಳಸೀನಿ' ಅಂದ್ರು. ಅದೇನಂತ ನನಗ ತಿಳೀಲಿಲ್ಲ."

ನನಗೆ ತಿಳಿಯಿತು. ಹತ್ತು ವರ್ಷದವಳಿದ್ದಾಗ ಗೆಳತಿಯ ಹುಟ್ಟುಹಬ್ಬದಲ್ಲಿ ಮೊಟ್ಟೆ ಹಾಕಿದ ಕೇಕ್ ತಿಂದು ಬಂದಿದ್ದೆ. ನೀವು ಬಚ್ಚಲಲ್ಲಿ ನಿಲ್ಲಿಸಿ, ಗಂಟಲು ಉರಿಯುವ ತನಕ ಬಾಯಿ ಮುಕ್ಕಳಿಸಲು ಹಚ್ಚಿದಿರಿ. ಎರಡು ದಿನ ನನ್ನ ಪಂಕ್ತಿಯಲ್ಲಿ ಕೂರಲಿಲ್ಲ. ನಾನು ಮರೆತಿದ್ದೇನೆ ಎಂದುಕೊಂಡಿದ್ದಿರೇ? ನಿಮಗೂ ಅದು ನೆನಪಿತ್ತು ಅಂದ ಮೇಲೆ ನನಗೆ ಒಂದು ಮಾತು ಹೇಳಬಾರದಿತ್ತೇ, ಅಪ್ಪಾ? ಒಂದೇ ಮಾತು. ಅಲ್ಲಿಯೇ ಅವರ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ, ಅವರ ಹೆಂಡತಿ ಚಹಾ ತಂದುಕೊಟ್ಟರು.

ಹೊರಡುವಾಗ, ನೀವು ತೀರಿದ ಸುದ್ದಿ ಮುಟ್ಟಿತ್ತೇ ಎಂದು ಕೇಳಿದೆ. "ಬಂದಿದ್ನಿರಿ. ನಿಮ್ಮ ಮನಿ ಎದುರಿನ ಕಿರಾಣಿ ಅಂಗಡಿ ಮುಂದ ನಿಂತಿದ್ನಿ. ನೀ ಯಾರು ಅಂತ ಯಾರರೆ ಕೇಳಿದ್ರ ಏನ್ ಹೇಳೂದು? ಹಂಗ ಹೊಳ್ಳಿ ಬಂದ್ನಿ" ಎಂದರು. ಬಸ್ಸಿನಲ್ಲಿ ನಿಮ್ಮ ವಹಿಯನ್ನು ಮೊದಲಿನಿಂದ ಕೊನೆಯ ತನಕ ತಿರುವಿದೆ. ಕಲ್ಲು ಸಿಕ್ಕ ಜಾಗಗಳ ಹೆಸರಿದೆ, ಲಕ್ಕಿ ಗಿಡ ಕಡಿಯಲು ಬಿಟ್ಟ ಹೊಲದವರ ಹೆಸರಿದೆ, ಜೇನುಮೇಣ ಕೊಟ್ಟವರ ಹೆಸರೂ ಇದೆ. ದುರ್ಗಪ್ಪನವರ ಹೆಸರು ಮಾತ್ರ ಒಂದು ಕಡೆಯೂ ಇಲ್ಲ. ನರ ಅಗಿದದ್ದನ್ನು ಮುಚ್ಚಿಟ್ಟಿರಿ, ಅದು ನನಗೆ ತಿಳಿಯುತ್ತದೆ. ಮನುಷ್ಯನನ್ನೇ ಮುಚ್ಚಿಟ್ಟಿರಲ್ಲ... ಅದು ಹೇಗೆ ಸಾಧ್ಯವಾಯಿತು ನಿಮಗೆ?

ವಹಿಯನ್ನು ಹಾಗೇ ಅಚ್ಚಿಗೆ ಕೊಟ್ಟರೆ ಇನ್ನೊಂದು ಶಾಲೆಯಲ್ಲಿ ಇನ್ಯಾರದೋ ಕಣ್ಣು. ತಿದ್ದಿದರೆ ಊರೆಲ್ಲ ಮಾಸ್ತರ ಮಾತು ಆಡಿಕೊಳ್ಳುತ್ತದೆ, ಅವ್ವನ ಕಿವಿಗೂ ಬೀಳುತ್ತದೆ. ಮೂರು ದಿನ ಒದ್ದಾಡಿ, ಬೇರೆಯವರಿಂದ ತಿಳಿಯುವುದಕ್ಕಿಂತ ನನ್ನಿಂದಲೇ ತಿಳಿಯಲಿ ಎಂದು ಅವ್ವನ ಎದುರು ಕೂತು ಎಲ್ಲ ಹೇಳಿದೆ. ಬಾಯಲ್ಲಿ ಅಗಿದದ್ದನ್ನೂ. ಅವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು. ಎದ್ದು ಹೋಗಿ ತಲೆಗೆ ನೀರು ಹಾಕಿಕೊಂಡಳು. ಎರಡು ದಿನ ನನ್ನೊಂದಿಗೆ ಮಾತಿಲ್ಲ, ನಿಮ್ಮ ಫೋಟೋಕ್ಕೆ ಹೂವಿಲ್ಲ. ನಾನು ಹೆದರಿದ್ದೆ, ಅಪ್ಪಾ. ಅವಳ ಮುಖ ಅಷ್ಟು ಬಿಳಚಿದ್ದನ್ನು ನೀವು ಹೋದ ದಿನವೂ ನೋಡಿರಲಿಲ್ಲ.

ಮೂರನೆಯ ದಿನ ಮುಂಜಾನೆ ನನ್ನ ಎದುರು ಚಹಾ ಇಟ್ಟು ಕೇಳಿದಳು, "ಇದನ್ನ ಅವರಿಗೆ ಕಲಿಸಿದವ ಯಾರು?"

"ದುರ್ಗಪ್ಪ."

"ಹಂಗಾರ ಪುಸ್ತಕದಾಗ ಅವನ ಹೆಸರು ಎಲ್ಲ್ಯದ?"

ಎಲ್ಲಿಯೂ ಇಲ್ಲ ಎಂದೆ. "ನಿಮ್ಮಪ್ಪ ಮಾಡಿದ್ದನ್ನ ಅರಗಿಸ್ಕೊಳ್ಳಾಕ ನನಗಿನ್ನ ಆಗವಲ್ದು. ಆಗತದೋ ಇಲ್ಲೋ ಗೊತ್ತಿಲ್ಲ. ಅದು ನನ್ನ ಅವರ ನಡುವಿಂದು" ಎಂದಳು. "ಖರೇ ಇದ್ದದ್ದು ಬರಿ ನೀ. ಕಲಿಸಿದವನ ಹೆಸರು ಮೊದಲು ಹಾಕು." ಫೋಟೋಕ್ಕೆ ಆವತ್ತೂ ಹೂವು ಇಡಲಿಲ್ಲ. ಈ ಪತ್ರ ಬರೆಯುವ ತನಕವೂ ಇಟ್ಟಿಲ್ಲ, ನಿಮಗೆ ಸುಳ್ಳು ಹೇಳುವುದಿಲ್ಲ.

ಹೋದ ಶನಿವಾರ ದುರ್ಗಪ್ಪನವರು ನಮ್ಮ ಶಾಲೆಗೆ ಬಂದಿದ್ದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು. ಅಂಗಳದಲ್ಲಿ ಎಲ್ಲರೆದುರು ನರವನ್ನು ಕುಟ್ಟಿ, ಎಳೆ ಬಿಡಿಸಿ, ಒಂದನ್ನು ನನ್ನ ಅಂಗೈ ಮೇಲಿಟ್ಟು, "ನಾ ಅಗದು ಕೊಡ್ಲೇನ್ರಿ?" ಎಂದರು. ಬೇಡ ಎಂದು ಬಾಯಿಗೆ ಹಾಕಿಕೊಂಡೆ. ಕಣ್ಣಲ್ಲಿ ನೀರು ತುಂಬಿತು, ಆದರೂ ಅಗಿದೆ. ಒಣಗಲು ಬಿಟ್ಟು ಸೋಮವಾರ ಹೊಡೆದೆವು. ಶೈಲಾ ಟೀಚರ್ ಕಂಬದ ಹಿಂದೆ ನಿಂತಿದ್ದರು, ಈ ಸಲ ಎಲ್ಲರನ್ನೂ ದೂರ ನಿಲ್ಲಿಸಿದ್ದೆ. ಎಂಟು ಸಲ ಹೊಡೆದರೂ ಮೊನೆ ಕದಲಲಿಲ್ಲ.

ನಿನ್ನೆ ಪುಸ್ತಕದ ಮುಖಪುಟದ ಕರಡು ಬಂತು. ಅದರಲ್ಲಿ ಎರಡು ಹೆಸರು, ಕೆಳಗಿನದು ನಿಮ್ಮದು. ಒಯ್ದು ದುರ್ಗಪ್ಪನವರಿಗೆ ತೋರಿಸಿದೆ. ಅವರಿಗೆ ಓದಲು ಬರುವುದಿಲ್ಲ. ಅವರ ಬೆರಳು ಹಿಡಿದು ಮೇಲಿನ ಹೆಸರಿನ ಮೇಲಿಟ್ಟೆ, ಇದು ನಿಮ್ಮದು ಎಂದೆ. ಎಷ್ಟೋ ಹೊತ್ತು ಬೆರಳು ತೆಗೆಯಲಿಲ್ಲ. ಆಮೇಲೆ, "ಕೆಳಗಿಂದು ಯಾರದ್ರಿ ಅಕ್ಕಾರ?" ಎಂದು ಕೇಳಿದರು.

"ನಿಮ್ಮ ಹತ್ತಿರ ಕಲಿತವರದು" ಎಂದೆ, ಅಪ್ಪಾ.

ಮಾಲತಿ