ಚುಕ್ಕಾಣಿ ಹಿಡಿದವರು ಯಾರು

ರೀ, ಬಂದ ಕೂಡಲೇ ಇದನ್ನು ಓದಿ.

ಕಮಲಾಪುರದಿಂದ ಅಣ್ಣನ ಬಂಡಿ ಬಂದಿದೆ. ನಾಳೆ ಅವನ ಕೂಸನ್ನು ತೊಟ್ಟಿಲಿಗೆ ಹಾಕುತ್ತಾರೆ, ನಾನು ಹೊರಟೆ. ನೀವು ಬೆಳಿಗ್ಗೆ ಬನ್ನಿ. ರೊಟ್ಟಿ ಬುಟ್ಟಿಯಲ್ಲಿವೆ, ಪುಂಡಿಪಲ್ಲೆ ಒಲೆಯ ಪಕ್ಕದಲ್ಲಿದೆ. ಮೊಸರಿನ ಗಡಿಗೆ ಮುಚ್ಚಿಡಿ, ಬೆಕ್ಕು ನಿಮಗಿಂತ ಹುಷಾರು.

ಸಂಜೆ ನಮ್ಮ ಓಣಿಯ ಖಮರುದ್ದೀನ್ ಸಾಹೇಬರು ನಮ್ಮ ಸಮುದ್ರದ ಕಥೆ ಕೇಳಲು ಬರುತ್ತಾರೆ. ನಿನ್ನೆ ಕಟ್ಟೆಯ ಮೇಲೆ ನೀವು ಹೇಳಿದ್ದು ಒಳಗೆ ನನಗೂ ಕೇಳಿಸಿತು: "ರಾತ್ರಿಯೆಲ್ಲಾ ಚುಕ್ಕಾಣಿ ನಾನ ಹಿಡದಿದ್ದೆ, ನಮ್ಮಾಕಿ ಒಂದ ಸವನ ಅಳಾಕತ್ತಿದ್ಲು!"

ರತ್ನಾಗಿರಿಯಲ್ಲಿ ಉಗಿಯ ಆಗಬೋಟು ತಪ್ಪಿಸಿ, ವೆಂಗುರ್ಲಾಕ್ಕೆ ಹಾಯಿದೋಣಿ ಹತ್ತಿಸಿದವರು ನೀವು. ಒಂದೇ ತಾಸಿನಲ್ಲಿ ವಾಂತಿಯ ಬೋಗುಣಿ ತಬ್ಬಿಕೊಂಡು ಮಲಗಿದವರೂ ನೀವೇ. ಗಾಳಿಗೆ ಹಾಯಿ ಹರಿಯಿತು. ಅದನ್ನು ಹೊಲಿಯಲು ಕೂತ ದೋಣಿಯವನು ಚುಕ್ಕಾಣಿಯನ್ನು ನನ್ನ ಕೈಗೆ ಕೊಟ್ಟು, ಒಂದು ಚುಕ್ಕೆ ತೋರಿಸಿ, "ಅದನ್ನ ಬಿಡಬ್ಯಾಡ್ರಿ ಬಾಯಾರ" ಅಂದ. ಬೆಳಗಾಗುವ ತನಕ ಬಿಡಲಿಲ್ಲ. ನೀವು ಮಾತ್ರ ಮಲಗಿದಲ್ಲಿಂದಲೇ "ನೀಲಾ, ದಂಡಿ ಬಂತೇನ?" ಎಂದು ದಡದ ದಾರಿ ಕಾಯುತ್ತ ಹತ್ತು ಸಲ ಕೇಳಿದಿರಿ. ನನಗೂ ಅಂಜಿಕೆಯಿತ್ತು ರೀ. ನಿಮ್ಮ ದನಿ ಕೇಳಿದಾಗಲೆಲ್ಲ ಕೈ ಗಟ್ಟಿಯಾಗುತ್ತಿತ್ತು.

ಅದಕ್ಕೇ ಸಾಹೇಬರ ಮುಂದೆ ಖರೇ ಹೇಳಿ. ಬೇಕಾದರೆ ಬೋಗುಣಿಯ ಮಾತು ಬಿಟ್ಟುಬಿಡಿ.

ಕಮಲಾಪುರದಲ್ಲಿ ಅಣ್ಣತಮ್ಮಂದಿರಿಗೆ ಚುಕ್ಕಾಣಿ ನೀವೇ ಹಿಡಿದಿರೆಂದು ಹೇಳುತ್ತೇನೆ. ನನ್ನ ತವರಿನಲ್ಲಿ ಶೂರರು ನೀವೇ ಆಗಿರಿ, ನನ್ನ ಅಡ್ಡಿಯಿಲ್ಲ. ನಮ್ಮ ಓಣಿಯಲ್ಲಿ ಮಾತ್ರ ನನ್ನನ್ನು ಅಳಿಸಬೇಡಿ.

ನೀಲಗಂಗಮ್ಮ