ಕರ್ಜತ್ ಗುಡ್ಡದಲ್ಲಿ ನೆಟ್ಟ ನೇಜಿ

ಆಂಟಾಪ್ ಹಿಲ್, ಮುಂಬಯಿ
೧೨ ಜುಲೈ ೧೯೭೬

ಪ್ರೀತಿಯ ಶೀಲಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಸೊಂಟ ಬಗ್ಗುತ್ತಿಲ್ಲ, ಈ ಮಳೆಗಾಲ ನೀನು ಬಂದು ಜೊತೆಗೆ ನಿಂತರೆ ಅಮ್ಮನ ಗದ್ದೆಯಲ್ಲಿ ನಾಟಿ ಮಾಡುತ್ತೇನೆ, ಇಲ್ಲವಾದರೆ ನೆರೆಮನೆಯ ಅಂಗಾರನಿಗೆ ಬಿಟ್ಟುಕೊಡುತ್ತೇನೆ ಎಂದು ನೀನು ಬರೆದಿದ್ದೆ. ನನಗೆ ಜ್ವರ, ನೀರಿಗೆ ಕಾಲಿಡಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದು ನಾನು ಉತ್ತರ ಬರೆದೆ. ಜ್ವರ ಸುಳ್ಳು, ಅಕ್ಕ. ಈಗ ಒಪ್ಪಿಕೊಳ್ಳುವುದಕ್ಕೆ ಕಾರಣ ನನ್ನ ಒಳ್ಳೆಯತನವೇನಲ್ಲ. ಇವರು ಅಡುಗೆ ಮಾಡುವ ಕುರ್ಲಾದ ಹೋಟೆಲಿನ ಧಣಿಗಳು ನಿನ್ನೆ ನನ್ನದೊಂದು ಫೋಟೋ ತೆಗೆದರು. ಮುಂದಿನ ತಿಂಗಳು ಊರಿಗೆ ಬರುವಾಗ ನಿನಗೆ ತಲುಪಿಸುತ್ತಾರಂತೆ. ಅದರಲ್ಲಿ ನಾನು ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತಿದ್ದೇನೆ.

ನಿನ್ನೆ ಭಾನುವಾರ ಧಣಿಗಳು ಕೆಲಸದವರ ಮನೆಯವರನ್ನೆಲ್ಲ ಬಸ್ಸಿನಲ್ಲಿ ಕರ್ಜತ್ ಆಚೆಯ ಗುಡ್ಡಗಳಿಗೆ ಕರೆದುಕೊಂಡು ಹೋದರು. ಆರು ದಿನ ಔಷಧದ ಕಾರ್ಖಾನೆಯಲ್ಲಿ ನಿಂತು ಮಾತ್ರೆ ತುಂಬುವವಳಿಗೆ ಏಳನೆಯ ದಿನ ಗುಡ್ಡ ಹತ್ತುವುದು ಯಾವ ಸುಖ? ಬರುವುದಿಲ್ಲ ಎಂದರೆ ಧಣಿಗಳಿಗೆ ಬೇಸರವಾದೀತು ಎಂದು ಇವರಿಗೆ ಹೆದರಿಕೆ, ಅದಕ್ಕೇ ಹೋದೆ. ದಾರಿ ತೋರಿಸಲು ಗೊತ್ತುಮಾಡಿದ್ದ ಬಸವಂತರಾಯ ಬೀದರಿನ ಕಡೆಯವನು. ಬಾಯಲ್ಲಿ ಸೀಟಿ, ಕೈಯಲ್ಲಿ ಕೊಡೆ. ಕಾಡಿನಲ್ಲಿ ಹಲಸಿನ ಮರ ತೋರಿಸಲು ಒಂದು ಸೀಟಿ, ಜಲಪಾತದಡಿ ನಿಂತವರನ್ನು ಈಚೆಗೆ ಎಳೆಯಲು ಇನ್ನೊಂದು. ಊರಿನ ಹಿತ್ತಲಲ್ಲೇ ಇದ್ದದ್ದನ್ನು ನೋಡಲು ಇಷ್ಟು ದೂರ ಬಂದೆವಲ್ಲ ಎಂದು ನಗು ಬಂತು. ಕಾಲು ಮಾತ್ರ ಒಂದೇ ಸಮನೆ ಸೆಳೆಯುತ್ತಿತ್ತು.

ಮಧ್ಯಾಹ್ನ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗದ್ದೆಗಳ ಹತ್ತಿರ ನಿಲ್ಲಿಸಿ, “ನೋಡ್ರಿ ಅಕ್ಕಾರ, ಇದಕ ಭತ್ತ ಅಂತಾರ. ನೀವು ಉಣ್ಣೂ ಅಕ್ಕಿ ಇದರಾಗಿಂದನ ಬರ್ತದ” ಎಂದು ಪಾಠ ಮಾಡಿದ. ನಾವು ಇಪ್ಪತ್ತು ಹೆಂಗಸರು, ಇಪ್ಪತ್ತೂ ಮಂದಿ ಊರ ಗದ್ದೆಯಲ್ಲಿ ಭತ್ತದ ಸಸಿ, ನಮ್ಮ ನೇಜಿ, ನೆಟ್ಟು ಬೆಳೆದವರು. ಪಾಪ, ಜೋಳದ ಸೀಮೆಯವನು, ಅವನಿಗೇನು ಗೊತ್ತು. ಉಳಿದವರು ನಕ್ಕು ಮುಗಿಸುವಷ್ಟರಲ್ಲಿ ನಾನು ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ ಗದ್ದೆಗೆ ಇಳಿದಿದ್ದೆ. ಒಬ್ಬಳೇ ನೆಡುತ್ತಿದ್ದ ಮರಾಠಿ ಮುದುಕಿ ಏನೂ ಕೇಳದೆ ಒಂದು ಕಟ್ಟು ನೇಜಿ ಕೈಗೆ ಕೊಟ್ಟಳು.

ಹಿಡಿದ ಸಾಲನ್ನು ಗದ್ದೆಯಂಚಿನ ಹುಣಿ ಮುಟ್ಟಿಸದೆ ನಮ್ಮಲ್ಲಿ ಯಾರೂ ಏಳುವುದಿಲ್ಲವಲ್ಲ. ಎದ್ದರೆ ಅಮ್ಮ ಎಷ್ಟು ಬೈಯುತ್ತಿದ್ದಳು! ಕೈ ಏನನ್ನೂ ಮರೆತಿಲ್ಲ, ಅಕ್ಕ. ಬಗ್ಗಿ ನೆಡುತ್ತಾ ಹಿಂದೆ ಹಿಂದೆ ಹೋಗುವಾಗ ಪಕ್ಕದಲ್ಲಿ ನೀನೇ ಇದ್ದೀಯೆಂದುಕೊಂಡು, “ಅಕ್ಕಾ, ನೇಜಿ ಕೊರ್ಲ” ಎಂದು ಕೈಚಾಚಿ ತುಳುವಿನಲ್ಲೇ ನೇಜಿ ಕೇಳಿಬಿಟ್ಟೆ. ಮುದುಕಿ ನನ್ನ ಮುಖ ನೋಡಿದಳು. ಅಳು ತಡೆಯಲಾಗಲಿಲ್ಲ.

ಅಮ್ಮನ ಗದ್ದೆಗೆ ಬಾರದವಳು ಗುರುತಿಲ್ಲದವರ ಗದ್ದೆಗೆ ಇಳಿದಳು ಎಂದು ನೀನು ಬೈದರೆ ತಲೆ ತಗ್ಗಿಸಿ ಕೇಳುತ್ತೇನೆ. ಆದರೆ ಅಂಗಾರನಿಗೆ ಈಗಲೇ ಮಾತು ಕೊಡಬೇಡ. ಆಳುಗಳನ್ನು ಕರೆದಾದರೂ ಇದೊಂದು ಮಳೆಗಾಲ ದಾಟಿಸು. ಬರುವ ವರ್ಷ ಖಂಡಿತ ಬರುತ್ತೇನೆ.

ಇಂತಿ ನಿನ್ನ ತಂಗಿ,
ನೀಲಾವತಿ

ವಿ.ಸೂ.: ಅಂಟಿಸಿದ ಲಕೋಟೆಯನ್ನು ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ಫೋಟೋದಲ್ಲಿ ಕಾಣದ್ದೊಂದಿದೆ. ನಾನು ಅರ್ಧ ಸಾಲನ್ನೂ ನೆಡಲಿಲ್ಲ. ಸೊಂಟ ಹಿಡಿದುಕೊಂಡು ಏಳಲಾಗದೆ ಹೋದಾಗ ಇವರೂ ಬಸವಂತರಾಯನೂ ಕಂಕುಳಿಗೆ ಕೈಕೊಟ್ಟು ಎತ್ತಿದರು. ಉಳಿದದ್ದನ್ನು ಮುದುಕಿಯೇ ನೆಟ್ಟಳು. ಒಂಬತ್ತು ವರ್ಷದಿಂದ ನಾನು ‘ಬರುವ ವರ್ಷ’ ಎಂದು ಬರೆಯುತ್ತಿದ್ದೇನೆ, ನೀನು ಅದನ್ನು ನಂಬಿ ಒಬ್ಬಳೇ ದುಡಿಯುತ್ತಿದ್ದೀಯೆ. ನಾನು ಬರುವುದಿಲ್ಲ, ಅಕ್ಕ. ಗದ್ದೆಯನ್ನು ಅಂಗಾರನಿಗೆ ಕೊಟ್ಟು ನೀನು ಸ್ವಲ್ಪ ಕುಳಿತುಕೋ.