ಚಂದ್ರನಿಗೆ ಸೋತ ಮೀಸೆ

ಜಗಳೂರು, 12-2-1938

ಅಕ್ಕನಿಗೆ ಮೂಕಪ್ಪನ ನಮಸ್ಕಾರ. ಮಂಗಳ, ಗುರುಗಳ ನಡುವೆ ತಿರುಗುವ ಪುಟ್ಟ ಗ್ರಹಗಳನ್ನೆಲ್ಲ ಒಟ್ಟುಮಾಡಿದರೆ ಚಂದ್ರನಿಗಿಂತ ದೊಡ್ಡದು, ಸೋತರೆ ಮೀಸೆ ಬೋಳಿಸುತ್ತೇನೆ ಎಂದು ಭಾವನ ಹತ್ತಿರ ಪಂದ್ಯ ಕಟ್ಟಿದ್ದೆನಲ್ಲ? ಇಲ್ಲಿಯ ಸ್ಕೂಲು ಮೇಷ್ಟ್ರು ಇವತ್ತು ಎಲ್ಲವನ್ನೂ ಮೇಜಿನ ಮೇಲೆ ಇಟ್ಟು ತೋರಿಸಿದರು. ಎಂಥ ಬುದ್ಧಿ ಅವರದು! ಚಂದ್ರ ಕುಂಬಳಕಾಯಿಯಾದರೆ, ಪುಟ್ಟ ಗ್ರಹಗಳಲ್ಲೇ ದೊಡ್ಡದಾದ ಸಿರಿಸ್ ಒಂದು ನಿಂಬೆಹಣ್ಣು. ಪಲ್ಲಾಸ್, ವೆಸ್ಟಾ ಅಡಿಕೆ ಗಾತ್ರ. ಉಳಿದವು ಶೇಂಗಾಬೀಜ, ಮತ್ತೆ ನಿಮ್ಮೂರು ಸಾಸ್ವೆಹಳ್ಳಿಯ ಹೆಸರಲ್ಲೇ ಇರುವ ಸಾಸಿವೆ! “ಎಲ್ಲಾ ಸೇರಿಸಿ ಉಂಡೆ ಕಟ್ಟಿದ್ರೂ ಕುಂಬಳದ ಒಂದು ಹೋಳು ಆಗಂಗಿಲ್ಲ ನೋಡ್ರಿ” ಅಂದರು. ಇಂಥ ಪ್ರಶ್ನೆ ಕೇಳಿದವನು ಈ ತಾಲ್ಲೂಕಿಗೇ ನಾನೊಬ್ಬನಂತೆ. ನೀರು ಒಗ್ಗದೆ ಹೊಟ್ಟೆ ಕೆಟ್ಟಿತ್ತು, ಈಗ ವಾಸಿ. ಶುಕ್ರವಾರದ ಬಸ್ಸಿಗೆ ಬರುತ್ತೇನೆ. ಈ ಕಾರ್ಡನ್ನು ಭಾವನ ಕೈಲಿ ಮಾತ್ರ ಓದಿಸಬೇಡ.

ಭಾವ, ಓದುತ್ತಿರುವವರು ನೀವೇ ಆದರೆ, ಅರ್ಧ ಮೀಸೆಗೇ ಒಪ್ಪಿಕೊಳ್ಳಿ.